‘ವಾಸಿ ಸಾರ್’ ಅನ್ನುವವರ ನಡುವೆ

ನನ್ನ ಮೊಮ್ಮಗಳು ಧನ್ಯ ಫಿಸಿಯೋಥೆರಪಿ ಓದು ಮುಗಿಸಿ ಕಳಸದ ಕಡೆ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೂಡಿಗೆರೆಯಲ್ಲಿ ಈ ಸುದ್ದಿಯನ್ನು ನನ್ನ ಬಾಯಿಂದ ಕೇಳದೆ ಉಳಿದವರು ಕಡಿಮೆ. ಹಾಲಿನ ಡೇರಿಯಲ್ಲಿ ಹೇಳಿದ್ದೇನೆ, ರೇಷನ್ ಅಂಗಡಿಯ ಸಾಲಿನಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದ್ದೇನೆ. ಆಕೆ ಇಳಿಯುವ ಮೊದಲು ತನ್ನ ಮಂಡಿನೋವಿನ ಕತೆಯನ್ನೆಲ್ಲ ಹೇಳಿ, ಧನ್ಯಳ ಫೋನ್ ನಂಬರ್ ಬರೆಸಿಕೊಂಡು ಹೋದಳು. ಗ್ಯಾಸ್ ಸಿಲಿಂಡರ್ ತರುವವನು ಮಾತ್ರ, “ಹೋದ್ಸಲಾನೂ ಇದನ್ನೇ ಹೇಳಿದ್ರಿ ಅಜ್ಜಿ” ಎಂದ. ಇನ್ನೊಮ್ಮೆ ಕೇಳಿದರೆ ಅವನ ಗಂಟೇನು ಹೋಗುತ್ತದೆ? ಅವಳು ಬಿಳಿ ಕೋಟು ಹಾಕಿಕೊಂಡು ತೆಗೆಸಿದ ಫೋಟೋ ನನ್ನ ಫೋನಿನಲ್ಲಿದೆ. ದಿನಕ್ಕೆ ಎಷ್ಟು ಸಲ ತೆಗೆದು ನೋಡುತ್ತೇನೆಂದು ಹೇಳಿದರೆ ನೀವು ನಗುತ್ತೀರಿ, ಆದ್ದರಿಂದ ಹೇಳುವುದಿಲ್ಲ.

ಇದನ್ನು ಬರೆಯಲು ಹಚ್ಚಿದ್ದೂ ಅವಳೇ.

“ಅಜ್ಜಿ, ನೀನು ಆಸ್ಪತ್ರೇಲಿ ನೋಡಿದ್ದನ್ನೆಲ್ಲ ಬರೆದು ಕೊಡು. ನಮ್ಮ ಜೂನಿಯರ್‌ಗಳಿಗೆ ಓದೋಕೆ ಕೊಡ್ತೀನಿ.”

“ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಕಣೇ ನಾನು. ಕಾಲೇಜಿನವ್ರಿಗೆ ಎಂಥ ಬರಿಯೋದು?”

“ಪುಸ್ತಕದಲ್ಲಿರೋದು ಅವ್ರಿಗೆ ಹೆಂಗೂ ಸಿಗುತ್ತೆ. ಇಲ್ದಿದ್ದನ್ನ ಬರಿ.”

ಹಾಗಾಗಿ ಬರೆಯುತ್ತಿದ್ದೇನೆ. ಒತ್ತಕ್ಷರಗಳನ್ನು ಅವಳು ತಿದ್ದುತ್ತಾಳೆ. ಮಾತನ್ನು ತಿದ್ದಬಾರದೆಂದು ಹೇಳಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಫಿಸಿಯೋಥೆರಪಿಸ್ಟ್ ಅಲ್ಲ. ಮೂಡಿಗೆರೆಯ ಒಂದು ಸಣ್ಣ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಆಯಾ ಆಗಿದ್ದೆ. ಆಯಾ ಆಗಿ ಸೇರಿದೆ, ಆಯಾ ಆಗಿಯೇ ಹೊರಬಂದೆ. ನಡುವೆ ಸಮವಸ್ತ್ರದ ಸೀರೆಯ ಬಣ್ಣ ಎರಡು ಸಲ ಬದಲಾಯಿತು, ಅಷ್ಟೇ. ಬೆಳಿಗ್ಗೆ ಶಾಖ ಕೊಡುವ ಚೀಲಗಳನ್ನು ಬಿಸಿನೀರಿಗೆ ಹಾಕುವುದು, ನೋಯುವ ಕೈ ಅದ್ದಲು ಮೇಣ ಕರಗಿಸಿ ಇಡುವುದು, ಟವೆಲ್ ಮಡಚುವುದು, ಹೆಂಗಸರಿಗೆ ರವಿಕೆಯ ತೋಳು ಬಿಡಿಸಿಕೊಳ್ಳಲು ಸಹಾಯ ಮಾಡುವುದು, ತಾಯಿ ಮಂಚದ ಮೇಲಿದ್ದಾಗ ಅವಳ ಕೂಸನ್ನು ಎತ್ತಿಕೊಂಡಿರುವುದು, ನೆಲ ಒರೆಸುವುದು. ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಜನರೇಟರ್ ಪಕ್ಕದಲ್ಲಿತ್ತು. ಹೊರಗೆ ಜಗಲಿಯಲ್ಲಿ ಉದ್ದನೆಯ ಒಂದು ಬೆಂಚು.

ಆ ಬೆಂಚು ನೋಡಿದರೆ ಕ್ಯಾಲೆಂಡರ್ ಬೇಕಾಗಿರಲಿಲ್ಲ. ಭುಜ ಹಿಡಿದುಕೊಂಡ ಹೆಂಗಸರು ಹೆಚ್ಚಾದರೆ ಕಾಫಿ ಕೊಯ್ಲು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಗಂಡಸರು ಬಂದರೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಕೊಯ್ಲು, ಏಣಿ ಜಾರಿರುತ್ತದೆ. ಸೊಂಟ ಹಿಡಿದವರು ಬಂದರೆ ಗುಂಡಿ ತೆಗೆಯುವ ಕಾಲ. ಕಾಲು ಉಳುಕಿದವರು ಸಾಲುಗಟ್ಟಿದರೆ ಮಳೆ ಹಿಡಿದು ಕಾಲುದಾರಿ ಪಾಚಿಗಟ್ಟಿದೆ ಎಂದರ್ಥ. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುವುದಿದ್ದರೆ ಇದೇ: ಕೀಲುನೋವಿಗೆ ರೋಗದ ಹೆಸರು ಹಚ್ಚುವ ಮೊದಲು ಆ ಕೀಲು ನಿನ್ನೆ ಎಂಥ ಕೆಲಸ ಮಾಡಿತೆಂದು ಕೇಳಿ.

ವಿಧಾನಗಳು ನನ್ನ ಕಣ್ಣೆದುರೇ ಬದಲಾದವು. ನಾನು ಸೇರಿದಾಗ ಸೊಂಟನೋವೆಂದು ಬಂದವರಿಗೆಲ್ಲ ಹಲಗೆಯ ಮೇಲೆ ಮಲಗಿ ಎಂದು ಹೇಳಿ ಕಳಿಸುತ್ತಿದ್ದರು. ಸಣ್ಣ ತೋಟದ ಗೌಡರೊಬ್ಬರು ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ಊಟ, ಎಲೆಅಡಿಕೆ, ಆಳುಗಳಿಗೆ ಬೈಗುಳ ಎಲ್ಲ ಹಲಗೆಯ ಮೇಲಿನಿಂದಲೇ. ಕೊನೆಗೆ ನೋವು ಹೋಗಿತ್ತೋ ಇಲ್ಲವೋ, ಎದ್ದು ನಿಂತರೆ ಕಾಲಿನಲ್ಲಿ ಬಲವೇ ಇರಲಿಲ್ಲ. ಈಗ ಅದೇ ನೋವಿಗೆ ‘ಏಳಿ, ನಡೀರಿ’ ಅನ್ನುತ್ತಾರೆ. ಇನ್ನೊಮ್ಮೆ ಒಬ್ಬ ಹೆಂಗಸಿಗೆ ಸೊಂಟದ ವ್ಯಾಯಾಮದ ಚಿತ್ರವಿರುವ ಹಾಳೆ ಕೊಟ್ಟು ಕಳಿಸಿದೆವು. ಅವಳಿಗೆ ಹಾಯೆನಿಸಿತು. ಅವಳು ಆ ಹಾಳೆಯನ್ನು ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ಮನೆಮನೆಗೂ ತೋರಿಸಿದಳು. ಕತ್ತು ನೋವಿನವರು, ಮಂಡಿ ನೋವಿನವರು, ಹಲ್ಲು ನೋವಿದ್ದ ಒಬ್ಬ ಅಜ್ಜ ಎಲ್ಲರೂ ಅದನ್ನೇ ಮಾಡತೊಡಗಿದರು. ಒಳ್ಳೆಯದನ್ನು ಹಂಚಿಕೊಂಡು ಉಣ್ಣುವ ಜನ. ಮದ್ದನ್ನೂ ಹಾಗೇ ಹಂಚುತ್ತಾರೆ.

ಕೋಣೆಯ ಯಜಮಾನರು ಶ್ರೀಧರ ಸರ್. ನನಗಿಂತ ಸ್ವಲ್ಪ ಮೊದಲೇ ಸೇರಿದವರು. ಕೈ ಶುದ್ಧ, ಮಾತು ಕಡಿಮೆ, ಸಮಯಕ್ಕೆ ಸರಿಯಾಗಿ ಬರದಿದ್ದರೆ ಸಿಟ್ಟು. ಆದರೆ ಅವರಲ್ಲಿ ಒಂದು ಗುಣವಿತ್ತು. ಲೈನಿನಿಂದ ಬಂದ ಕೂಲಿಯಾಳಿಗೂ ‘ನೀವು’ ಎಂದೇ ಮಾತಾಡುತ್ತಿದ್ದರು. ‘ಬನ್ನಿ, ಕೂತ್ಕೊಳ್ಳಿ, ತೋಳು ಸಡಿಲ ಬಿಡಿ.’ ಜೀವಮಾನವೆಲ್ಲ ‘ಏ, ಬಾರೇ ಇಲ್ಲಿ’ ಕೇಳಿದವರಿಗೆ ಅದು ಎಷ್ಟು ದೊಡ್ಡದು ಅನ್ನುವುದು ನಿಮಗೆ ಈಗ ತಿಳಿಯಲಿಕ್ಕಿಲ್ಲ. ಅವರ ಕೈಗುಣದ ಮೇಲೆ ಇಡೀ ತಾಲೂಕಿಗೆ ನಂಬಿಕೆ. ಹಲಸು, ಕಳಲೆ, ಗಂಧಸಾಲೆ ಅಕ್ಕಿ, ಏನಾದರೂ ಹಿಡಿದು ಬರುತ್ತಿದ್ದರು. ‘ಹೇಗಿದೆ?’ ಎಂದು ಸರ್ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: “ವಾಸಿ ಸಾರ್.” ನಾನು ಕೇಳಿದರೂ ಅದೇ. ನನಗೆ ಹೇಳಿದರೆ ಸರ್ ಕಿವಿಗೆ ಬೀಳುತ್ತದೆಂದು ಅವರಿಗೆ ಗೊತ್ತಿತ್ತು.

ಸರ್‌ಗೆ ಹೆಮ್ಮೆಯ ಸಂಗತಿ ಎಂದರೆ ಜಾವಳಿ ಕಡೆಯ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಲಲಿತಕ್ಕನ ಬಲ ಭುಜ. ಆಕೆ ಮೊದಲ ಸಲ ಬಂದಾಗ ಕೈ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಸರ್ ತಿಂಗಳುಗಟ್ಟಲೆ ಅಲ್ಟ್ರಾಸೌಂಡ್ ಮಿಷನ್ ಇಟ್ಟರು. ಇದು ಹೊಟ್ಟೆ ಸ್ಕ್ಯಾನ್ ಮಾಡುವುದಲ್ಲ. ಜೆಲ್ ಹಚ್ಚಿ, ನೋಯುವ ಜಾಗದ ಮೇಲೆ ಹಿಡಿಕೆಯನ್ನು ನಿಧಾನ ತಿರುಗಿಸುತ್ತ ಇರುವುದು. ಹೊತ್ತು ಮುಗಿದರೆ ‘ಟಿಣ್’ ಎಂದು ಗಂಟೆ. ಲಲಿತಕ್ಕ ಪೂರ್ತಿ ವಾಸಿ ಎಂದು ಹೇಳಿ, ಒಂದು ಗೊನೆ ಬಾಳೆಹಣ್ಣು ಕೊಟ್ಟು ಹೋದಳು. ಅಲ್ಲಿಂದ ಮುಂದೆ ಭುಜ ಹಿಡಿದವರು ಯಾರು ಬಂದರೂ ಸರ್, “ಜಾವಳಿ ಲಲಿತಾ ಅವರದ್ದು ಇದಕ್ಕಿಂತ ಕಷ್ಟದ್ದು, ಸರಿಹೋಗಲಿಲ್ವಾ?” ಎಂದು ಧೈರ್ಯ ಹೇಳುತ್ತಿದ್ದರು.

ಸರ್ ನಿವೃತ್ತಿಗೆ ಕೆಲವು ವರ್ಷ ಉಳಿದಿದ್ದಾಗ ನಮಿತಾ ಮೇಡಂ ಬಂದರು. ಹೊಸದಾಗಿ ಓದಿ ಬಂದ ಹುಡುಗಿ, ಚಿಕ್ಕಮಗಳೂರಿನವರು. ಬಂದ ವಾರವೇ ಅಲ್ಟ್ರಾಸೌಂಡ್ ಮಿಷನ್ನಿನ ಹಿಡಿಕೆಯನ್ನು ಮೇಲ್ಮುಖ ಮಾಡಿ, ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಸ್ವಿಚ್ ಹಾಕಿದರು.

“ಎಂಥ ಮಾಡ್ತಿದೀರಿ ಮೇಡಂ?” ಎಂದೆ.

“ಮಿಷನ್ ಸರಿ ಇದ್ರೆ ನೀರು ನಡುಗ್ಬೇಕು ಗಿರಿಜಕ್ಕ.”

ದೀಪ ಉರಿಯುತ್ತಿತ್ತು. ನೀರು ಎಲೆಯ ಮೇಲಿನ ಹನಿಯ ಹಾಗೆ ಸುಮ್ಮನೆ ಕೂತಿತ್ತು. ಹೊತ್ತು ಮುಗಿದು ಟಿಣ್ ಎಂದು ಗಂಟೆಯೂ ಹೊಡೆಯಿತು. ನೀರು ಅಲುಗಲಿಲ್ಲ.

ರಿಪೇರಿಯವನು ಮಂಗಳೂರಿನಿಂದ ಬಂದು ಬಿಚ್ಚಿ ನೋಡಿದ. “ಇದು ಹೋಗಿ ಬಹಳ ಕಾಲ ಆಗಿದೆ ಸರ್. ಯಾವಾಗ ಅಂತ ಹೇಳೋಕಾಗಲ್ಲ” ಎಂದ. ಸರ್ ಅವನಿಗೆ ಕಾಫಿ ಕೊಡಿಸಿ ಕಳಿಸಿದರು. ಆಮೇಲೆ ಮಿಷನ್ನಿಗೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದರು. ಊಟದ ಹೊತ್ತಿಗೆ ನಮಿತಾ ಮೇಡಂ, “ಸರ್, ಈ ಮಿಷನ್ ಸರಿ ಇದ್ರೂ ಭುಜಕ್ಕೆ ಅಂಥ ಉಪಯೋಗ ಇಲ್ಲ ಅಂತಾನೇ ಈಗ ಹೇಳೋದು. ವ್ಯಾಯಾಮವೇ ಮುಖ್ಯ” ಎಂದರು. ಸಮಾಧಾನಕ್ಕೆಂದೇ ಹೇಳಿದ್ದು. ಗಾಯಕ್ಕೆ ಉಪ್ಪು ಬಿದ್ದ ಹಾಗಾಯಿತು.

ಸರ್ ಡಬ್ಬಿ ಮುಚ್ಚಿದರು. “ಹಾಗಾದ್ರೆ ಲಲಿತಾ ಹೇಗಮ್ಮ ವಾಸಿಯಾದ್ರು?”

ಮೇಡಂ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಇಳಿಸಿದರು.

“ಒಬ್ಬರಾದ್ರೂ ನನ್ನಿಂದ ವಾಸಿಯಾಗಿದಾರೋ ಇಲ್ವೋ, ನನಗೆ ಅಷ್ಟು ಗೊತ್ತಾಗ್ಬೇಕು” ಎಂದರು ಸರ್. ಆಮೇಲಿನ ದಿನಗಳಲ್ಲಿ ಅವರು ಏನು ಮಾಡಿದರೂ ಅದರ ಹಿಂದೆ ಇದ್ದದ್ದು ಈ ಒಂದೇ ಮಾತು. ಸಂಬಳ, ಹೆಸರು ಯಾವುದೂ ಅಲ್ಲ.

ನಮಿತಾ ಮೇಡಂ ಹತ್ತಿರ ನೋವು ಅಳೆಯುವ ಒಂದು ಚಿತ್ರಪಟವಿತ್ತು. ಸಾಲಾಗಿ ದುಂಡು ಮುಖಗಳು. ಒಂದು ತುದಿಯಲ್ಲಿ ನಗುವ ಮುಖ, ಇನ್ನೊಂದು ತುದಿಯಲ್ಲಿ ಗೊಳೋ ಎಂದು ಅಳುವ ಮುಖ. ನಿಮ್ಮ ನೋವು ಇದರಲ್ಲಿ ಯಾವುದು ಅಂತ ತೋರಿಸಿ ಎಂದು ಕೇಳುವುದು. ಮೊದಲ ದಿನ ಬಂದಾಗ ಎಲ್ಲರೂ ನಡುವಿನ ಯಾವುದೋ ಮುಖ ತೋರಿಸುತ್ತಿದ್ದರು. ಎರಡನೇ ಸಲಕ್ಕೇ ನಗುವ ಮುಖ. ಮೇಡಂಗೆ ಖುಷಿಯೋ ಖುಷಿ. “ನೋಡಿ ಸರ್, ಹೊಸ ವಿಧಾನದಿಂದ ಎಷ್ಟು ಬೇಗ ಇಳೀತಿದೆ!” ಎಂದು ತೋರಿಸುತ್ತಿದ್ದರು. ಸರ್ ಆ ಪಟವನ್ನು ನೋಡಿ ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು. ಕೊನೆಗೆ ಅವರೇ ಒಂದು ದಿನ, “ಕೊಯ್ಲು ನಡೀತಿದೆ. ಜಾವಳಿಗೆ ಹೋಗಿ ಲಲಿತಾ ಅವರನ್ನ ನೋಡ್ಕೊಂಡು ಬರುವ. ಗಿರಿಜಾ, ನೀವೂ ಬನ್ನಿ” ಎಂದರು.

ಸರ್ ಕಾರಿನಲ್ಲೇ ಹೋದೆವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗೆ ಹೇಳಿ, ರೊಬಸ್ಟಾ ಕಾಫಿ ಕೊಯ್ಯುತ್ತಿದ್ದ ಇಳಿಜಾರಿಗೆ ನಡೆದೆವು. ಲಲಿತಕ್ಕ ದೂರದಿಂದಲೇ ಗುರುತು ಹಿಡಿದು, ಸೊಂಟಕ್ಕೆ ಕಟ್ಟಿದ ಕೊಯ್ಲಿನ ಚೀಲ ಹಿಡಿದುಕೊಂಡು ಓಡಿಬಂದಳು.

“ಅಯ್ಯೋ, ಸಾರು! ಇಲ್ಲಿವರೆಗೆ ಬಂದ್ರಾ? ಕೂರಕ್ಕೂ ಜಾಗ ಇಲ್ವಲ್ಲ ಮಾರಾಯ್ತಿ” ಎಂದು ನನ್ನನ್ನು ನೋಡಿದಳು.

“ಭುಜ ಹೇಗಿದೆ ಲಲಿತಾ ಅವ್ರೇ?” ಎಂದರು ಸರ್.

“ವಾಸಿ ಸಾರ್! ಪೂರ್ತಿ ವಾಸಿ. ನಿಮ್ಮ ಮಿಷನ್ ಪುಣ್ಯ.”

ಸರ್ ಮುಖ ಅರಳಿತು. ನಮಿತಾ ಮೇಡಂ ಕಡೆ ತಿರುಗಿ ನೋಡಿದರು. ಮೇಡಂ ಗಿಡದ ಮೇಲಿನ ರೆಂಬೆ ತೋರಿಸಿ, “ಅಕ್ಕ, ಆ ಮೇಲಿನ ಹಣ್ಣು ಚೆನ್ನಾಗಿದೆ, ಸ್ವಲ್ಪ ಬಗ್ಗಿಸ್ತೀರಾ?” ಎಂದರು.

ಲಲಿತಕ್ಕ ಮೈಯನ್ನೆಲ್ಲ ವಾಲಿಸಿ ಎಡಗೈ ಚಾಚಿದಳು.

“ಬಲಗೈಲಿ ಅಕ್ಕ.”

ಲಲಿತಕ್ಕ ನಕ್ಕಳು. ಕೈ ಮಾತ್ರ ಏಳಲಿಲ್ಲ. ಪಕ್ಕದ ಗಿಡದಲ್ಲಿ ಕೊಯ್ಯುತ್ತಿದ್ದ ಅವಳ ವಾರಗಿತ್ತಿ ಯಶೋದ ತಲೆ ಎತ್ತಿ, “ಅವಳ ಬಲಗೈ ಮೇಲಕ್ಕೆ ಹೋಗಿ ಎಷ್ಟೋ ವರ್ಷ ಆಯ್ತಲ್ಲ ಮೇಡಂ. ಮೇಲಿನ ರೆಂಬೆ ನಾನು ಕೊಕ್ಕೆ ಹಾಕಿ ಎಳ್ಕೊಡ್ತೀನಿ, ಕೆಳಗಿಂದು ಅವಳು ಎಡಗೈಲಿ ಬಿಡಿಸ್ತಾಳೆ. ಮೇಸ್ತ್ರಿಗೆ ಗೊತ್ತಾಗದ ಹಾಗೆ ನಡೀತಿದೆ” ಎಂದಳು.

“ಸುಮ್ನಿರೇ!” ಎಂದು ಲಲಿತಕ್ಕ ಅವಳ ಕಡೆ ಕಣ್ಣು ಬಿಟ್ಟಳು. “ಬಾಯಿ ಮುಚ್ಚಕ್ಕೆ ಏನು ತಗೋತೀಯ?”

ಸರ್ ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು. “ನನ್ನ ಹತ್ರ ವಾಸಿ ಅಂದ್ರಲ್ಲ ನೀವು. ಆಗಲೂ ಅಂದ್ರಿ. ಈಗಲೂ ಅಂದ್ರಿ.”

“ಮತ್ತೆ ಎಂಥ ಹೇಳೋದು ಸಾರ್? ಬನ್ನಿ, ಕೂತ್ಕೊಳ್ಳಿ ಅಂತ ಮರ್ಯಾದೆ ಕೊಟ್ಟು, ನಿಮ್ಮ ಕೈ ನೋಯಿಸ್ಕಂಡು ಅಷ್ಟು ದಿನ ಆ ಮಿಷನ್ ತಿರುಗಿಸಿದ್ರಿ. ನಿಮ್ಮ ಮುಖ ನೋಡ್ಕಂಡು ಇಲ್ಲ ಅನ್ನಕ್ಕಾಗುತ್ತಾ? ನೆಂಟರ ಮನೇಲಿ ಉಂಡು ಸಾರಿಗೆ ಉಪ್ಪು ಜಾಸ್ತಿ ಅಂತೀವಾ?”

ಅವಳು ಹೇಳಿದ್ದು ಅಷ್ಟೇ. ನಾವು ಬರುವಾಗ ಒಂದು ಪೊಟ್ಟಣ ಮೆಣಸು ತಂದು ಸರ್ ಕಾರಿನಲ್ಲಿಟ್ಟಳು.

ಊರು ಹತ್ತಿರ ಬಂದಾಗ ನಮಿತಾ ಮೇಡಂ ಇದ್ದಕ್ಕಿದ್ದಂತೆ, “ಸರ್, ಹಾಗಾದ್ರೆ ನನಗೆ ನಗುವ ಮುಖ ತೋರಿಸ್ತಿದ್ದವರು?” ಎಂದರು. ಅವರ ದನಿ ಸಣ್ಣಗಾಗಿತ್ತು.

“ಅವರೂ ಹಾಗೇ ಇರ್ಬೇಕು.”

“ಎಲ್ಲರೂ ಸುಳ್ಳು ಹೇಳಿದ್ರಾ?”

“ಸುಳ್ಳಲ್ಲಮ್ಮ, ಮರ್ಯಾದೆ. ಉಪಚಾರ ಮಾಡಿದವರ ಎದುರು ಅಳುವ ಮುಖದ ಮೇಲೆ ಯಾರಾದ್ರೂ ಬೆರಳಿಡ್ತಾರಾ ಇಲ್ಲಿ?”

ಮರುದಿನ ಸರ್ ರಜೆ ಹಾಕಿದರು. ಅದರ ಮರುದಿನವೂ ಬರಲಿಲ್ಲ. ಇನ್ನು ಬರುವುದಿಲ್ಲವೇನೋ, ಬೇಗ ನಿವೃತ್ತಿ ತೆಗೆದುಕೊಳ್ಳುತ್ತಾರೇನೋ ಎಂದು ನನಗನಿಸಿತ್ತು. ಆದರೆ ವಾರ ಕಳೆದು ಬಂದವರು ನೇರ ಮೇಡಂ ಮೇಜಿಗೆ ಹೋಗಿ, “ಮಂಗಳೂರಲ್ಲಿ ಭುಜದ ಬಗ್ಗೆ ಏನೋ ತರಬೇತಿ ಇದೆ ಅಂದಿದ್ರಲ್ಲ, ನನ್ನ ಹೆಸರೂ ಕೊಡಿ” ಎಂದರು.

ಆ ತರಬೇತಿಗೆ ಇಬ್ಬರೂ ಹೋದರು. ಅಲ್ಲಿದ್ದವರಲ್ಲಿ ಸರ್ ಒಬ್ಬರೇ ತಲೆ ನರೆತವರಂತೆ. ಬಂದ ಮೇಲೆ ಹೇಗಿತ್ತೆಂದು ಕೇಳಿದೆ. “ಮೇಣದ ವಿಷಯಕ್ಕೆ ಒಬ್ಬ ಹುಡುಗನ ಹತ್ರ ಜಗಳ ಆಡಿ ಬಂದೆ” ಎಂದರು. ಆಮೇಲೆ ನಕ್ಕು, “ಉಳಿದದ್ದರಲ್ಲಿ ನಾನೇ ಸೋತೆ” ಎಂದರು. ಅಲ್ಲಿಂದ ಮುಂದೆ ಮಧ್ಯಾಹ್ನ ಬೆಂಚು ಖಾಲಿಯಾದರೆ ಇಬ್ಬರೂ ಕೂತು ಹೊಸ ಸಂಗತಿಗಳನ್ನು ಓದುತ್ತಿದ್ದರು. ಮೇಡಂ ಫೋನಿನಲ್ಲಿ ಓದಿ ಹೇಳುವುದು, ಸರ್ ಕನ್ನಡಕ ಹಣೆಗೇರಿಸಿ ‘ಇದು ನಮ್ಮ ಇಳಿಜಾರಿಗೆ ಹೊಂದುತ್ತಾ?’ ಎಂದು ಅಡ್ಡಪ್ರಶ್ನೆ ಹಾಕುವುದು. ಒಬ್ಬರನ್ನೊಬ್ಬರು ಒಪ್ಪಿದ್ದಕ್ಕಿಂತ ಒಪ್ಪದೆ ಇದ್ದದ್ದೇ ಹೆಚ್ಚು. ಮೇಣವನ್ನು ಮಾತ್ರ ಸರ್ ಬಿಡಲಿಲ್ಲ. ಚಳಿಗೆ ಬೆರಳು ಗಂಟುಕಟ್ಟಿದ ಅಜ್ಜಿಯರಿಗೆ ಅದು ಹಿತ ಎಂದು ನಾನು ಈಗಲೂ ಹೇಳುತ್ತೇನೆ. ಹಿತ ಬೇರೆ, ಗುಣ ಬೇರೆ ಎಂದು ಧನ್ಯ ನನಗೆ ಹೇಳುತ್ತಾಳೆ. ಇರಲಿ.

ಆ ಓದಿನಿಂದ ಕೋಣೆಯಲ್ಲಿ ಆದ ದೊಡ್ಡ ಬದಲಾವಣೆ ಎಂದರೆ, ‘ಹೇಗಿದೆ?’ ಅನ್ನುವ ಪ್ರಶ್ನೆ ನಿಂತಿತು. ಅದರ ಬದಲು ‘ಮಾಡಿ ತೋರಿಸಿ.’ ಸರ್ ಹೇಳಿದ್ದು ನನಗೆ ಇನ್ನೂ ನೆನಪಿದೆ: “ಬಾಯಿ ಮರ್ಯಾದೆ ಮಾಡುತ್ತೆ ಗಿರಿಜಾ, ಭುಜ ಮಾಡಲ್ಲ.” ಕೊಯ್ಯುವವರಿಗೆ ಏನು ಬೇಕು? ಮೇಲಿನ ರೆಂಬೆ ಬಗ್ಗಿಸಬೇಕು, ಚೀಲದ ದಾರವನ್ನು ಬೆನ್ನ ಹಿಂದೆ ಗಂಟು ಹಾಕಬೇಕು. ಅದನ್ನೇ ಅಳೆಯುವ ಎಂದಾಯಿತು. ಕಿತ್ತುಹಾಕಿದ ಹಳೆಯ ಕಾಫಿ ಗಿಡವೊಂದರ ಒಣಗಿದ ರೆಂಬೆ ತರಿಸಿ, ಜಂತಿಗೆ ಸೈಕಲ್ ಟ್ಯೂಬು ಕಟ್ಟಿ, ಅದರಿಂದ ರೆಂಬೆಯನ್ನು ನೇತುಹಾಕಿದರು. ಎಳೆದರೆ ಗಿಡದ ರೆಂಬೆಯ ಹಾಗೇ ಬಗ್ಗಿ, ಬಿಟ್ಟರೆ ಮೇಲೆ ಹೋಗುತ್ತಿತ್ತು. ಬಲ ಬಂದ ಹಾಗೆ ಟ್ಯೂಬು ದಪ್ಪದ್ದು. ಪಕ್ಕದ ಗೋಡೆಗೆ ಮೇಲಿನಿಂದ ಇಳಿಬಿಟ್ಟ ಒಂದು ಹಗ್ಗ. ಅದಕ್ಕೆ ನಾನು ಹಳೆಯ ಸೀರೆ ಹರಿದು ಪಟ್ಟಿ ಕಟ್ಟಿದೆ: ಭುಜದ ಮಟ್ಟಕ್ಕೆ ಕೆಂಪು, ಕಿವಿಯ ಮಟ್ಟಕ್ಕೆ ಹಳದಿ, ತಲೆಗಿಂತ ಮೇಲೆ ಹಸಿರು. ಕೈ ಯಾವ ಪಟ್ಟಿ ಮುಟ್ಟಿತೋ ಅದೇ ಉತ್ತರ.

ಹೊಸದನ್ನು ತಂದರೆ ಎಲ್ಲರೂ ಕೈಮುಗಿಯುತ್ತಾರೆಂದು ತಿಳಿಯಬೇಡಿ. ಮಿಷನ್ ಇಲ್ಲವೆಂದು ಗೊತ್ತಾಗುತ್ತಲೇ ಬೆಂಚು ಖಾಲಿಯಾಗತೊಡಗಿತು. “ಕರೆಂಟು ಇಡದ ಮೇಲೆ ಆಸ್ಪತ್ರೆ ಎಂಥದು? ತೋಟದಲ್ಲಿ ಎಳೆದದ್ದು ಸಾಲ್ದು ಅಂತ ಇಲ್ಲೂ ಮರ ಎಳೆಸ್ತಾರೆ” ಎಂದು ಒಬ್ಬಾತ ಜಗಲಿಯಲ್ಲೇ ಹೇಳಿ ಹೋದ. ಆಸ್ಪತ್ರೆಯ ಮ್ಯಾನೇಜರ್ ಸರ್ ಅವರನ್ನು ಕರೆಸಿ, ಒಂದು ಹೊಸ ಮಿಷನ್ ತರಿಸಿ ಸುಮ್ಮನೆ ಇಡಬಾರದೇ ಎಂದು ಕೇಳಿದರಂತೆ. ಸರ್ ಬೇಡ ಎಂದು ಬಂದರು.

ಕೊಯ್ಲು ಮುಗಿದ ಮೇಲೆ, ಒಂದು ಸಂತೆಯ ದಿನ, ಯಶೋದ ಲಲಿತಕ್ಕನನ್ನು ಎಳೆದುಕೊಂಡೇ ಬಂದಳು. “ಸಾರ್ ತೋಟದವರೆಗೆ ಬಂದು ಹೋದ್ರು, ನೀನು ಹೋಗದಿದ್ರೆ ಮರ್ಯಾದೆಯಾ?” ಎಂದು ಬೈದಳಂತೆ. ಮರ್ಯಾದೆ ಒಂದು ಸಲವಾದರೂ ನಮ್ಮ ಕಡೆ ಕೆಲಸ ಮಾಡಿತು.

ಲಲಿತಕ್ಕ ಕೋಣೆಯೆಲ್ಲ ಕಣ್ಣಾಡಿಸಿ, “ಮಿಷನ್ ಎಲ್ಲಿ ಸಾರ್?” ಎಂದಳು.

ಸರ್ ಏನು ಹೇಳುತ್ತಾರೋ ಎಂದು ನಾನೂ ಮೇಡಂ ಇಬ್ಬರೂ ನೋಡಿದೆವು. ಹಾಳಾಗಿದೆ, ರಿಪೇರಿಗೆ ಹೋಗಿದೆ ಎಂದರೆ ಮುಗಿಯುತ್ತಿತ್ತು. ಸರ್ ಅವಳ ಎದುರು ಕೂತು, “ಅದು ಸತ್ತುಹೋಗಿತ್ತು ಲಲಿತಾ ಅವ್ರೇ. ಯಾವಾಗ ಸತ್ತಿತೋ ನಮಗೇ ಗೊತ್ತಾಗ್ಲಿಲ್ಲ. ನಿಮಗೆ ಇಟ್ಟಾಗಲೂ ಸತ್ತಿತ್ತೋ ಏನೋ” ಎಂದರು.

ಲಲಿತಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. “ಅಯ್ಯೋ ಮಾರಾಯ್ತಿ ಯಶೋದಾ! ಸತ್ತ ಮಿಷನ್ನಿಗೆ ವಾಸಿ ಅಂತ ಒಂದು ಗೊನೆ ಬಾಳೆಹಣ್ಣು ಕೊಟ್ನಲ್ಲೇ!”

“ಹೆಣಕ್ಕೆ ಎಡೆ ಇಟ್ಟ ಹಾಗಾಯ್ತು ಬಿಡು” ಎಂದಳು ಯಶೋದ. ನಮಿತಾ ಮೇಡಂ ಗೋಡೆ ಕಡೆ ತಿರುಗಿ ನಕ್ಕರು. ಕೊನೆಗೆ ಸರ್ ಕೂಡ.

ಮೊದಲ ದಿನ ಅವಳ ಬೆರಳು ಕೆಂಪು ಪಟ್ಟಿಯನ್ನು ಮುಟ್ಟಲು ಒದ್ದಾಡಿತು. ಮುಟ್ಟಿದ ಹಾಗೆ ಮಾಡಲು ಬೆನ್ನು ವಾಲಿಸಿದರೆ ಮೇಡಂ ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಲ್ಲಿಸುತ್ತಿದ್ದರು. ರೆಂಬೆ ಎಳೆಯುವುದು, ನಿಧಾನ ಬಿಡುವುದು. ಬಿಡುವುದೇ ಕಷ್ಟ, ಎಳೆಯುವುದಲ್ಲ. ಇದನ್ನು ನಾನು ಆ ಕೋಣೆಯಲ್ಲಿ ನೋಡಿ ಕಲಿತೆ. ಮನೆಗೂ ಒಂದು ಟ್ಯೂಬು ಕೊಟ್ಟು, ಬಾಗಿಲ ಮೇಲಿನ ಅಡ್ಡಪಟ್ಟಿಗೆ ಕಟ್ಟಿಕೊಳ್ಳಿ ಎಂದರು. ಮಕ್ಕಳು ಅದನ್ನು ಉಯ್ಯಾಲೆ ಮಾಡಿಕೊಂಡು ಹರಿದವು. ಇನ್ನೊಂದು ಕೊಟ್ಟರು. ಮಳೆಗಾಲದಲ್ಲಿ ಒಮ್ಮೆ ಪೂರ್ತಿ ಬಿಟ್ಟುಬಿಟ್ಟಳು, ಕೈ ಮತ್ತೆ ಕೆಂಪಿಗೇ ಇಳಿಯಿತು. ಸರ್ ಬೈಯಲಿಲ್ಲ. ಏಕೆ ಬಿಟ್ಟಿರೆಂದು ಕೇಳಿದರು. ನೋವು ಹೆಚ್ಚಾದರೆ ಒಳಗೆ ಏನೋ ಹರಿಯುತ್ತಿದೆ ಎಂದು ಹೆದರಿದ್ದಳು. ಹೆದರಿಕೆಯನ್ನು ಯಾವ ಪಟ್ಟಿಯೂ ತೋರಿಸುವುದಿಲ್ಲ, ಅದನ್ನು ಕೇಳಿಯೇ ತಿಳಿಯಬೇಕು ಎಂದು ಆವತ್ತು ಮೇಡಂ ಹೇಳಿದರು. ಎಷ್ಟು ನೋವು ಪರವಾಗಿಲ್ಲ, ಎಷ್ಟಾದರೆ ನಿಲ್ಲಿಸಬೇಕು ಎಂದು ಇಬ್ಬರೂ ಕೂತು ಅವಳಿಗೆ ಬಿಡಿಸಿ ಹೇಳಿದರು. ಮತ್ತೆ ಶುರು. ಹಳದಿ ಮುಟ್ಟಿದ ದಿನ ಯಶೋದ ಜಗಲಿಯಲ್ಲಿದ್ದವರಿಗೆಲ್ಲ ಕೂಗಿ ಹೇಳಿದಳು.

ಮುಂದಿನ ಕೊಯ್ಲು ಹತ್ತಿರ ಬಂದಿತ್ತು. ಬೆಂಚು ಮತ್ತೆ ತುಂಬತೊಡಗಿತ್ತು, ಹಗ್ಗ ನೋಡಲು ಬಂದವರೇ ಅರ್ಧ. ಒಂದು ಸಂತೆಯ ದಿನ ಲಲಿತಕ್ಕ ಒಳಗೆ ಬಂದು, ಯಾರೂ ಹೇಳುವ ಮೊದಲೇ ಗೋಡೆಯ ಹತ್ತಿರ ನಿಂತು, ಬಲಗೈ ಎತ್ತಿದಳು. ಕೈ ಕೆಂಪು ದಾಟಿತು, ಹಳದಿ ದಾಟಿತು, ತುದಿಬೆರಳು ಹಸಿರು ಪಟ್ಟಿಗೆ ತಗುಲಿತು. ಬೆನ್ನು ವಾಲಿರಲಿಲ್ಲ. ಸರ್ ಹತ್ತಿರ ಹೋಗಿ, ಪಟ್ಟಿಯನ್ನೂ ಬೆರಳನ್ನೂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಇದು ಯಾರ ಮರ್ಯಾದೆಯೂ ಅಲ್ಲ, ಕಣ್ಣಿಗೆ ಕಾಣುವ ಸಂಗತಿ.

ಆ ಖುಷಿಯಲ್ಲಿ ಅವರು ತಾವೇ ನಿಲ್ಲಿಸಿದ್ದ ಪ್ರಶ್ನೆಯನ್ನು ಕೇಳಿಬಿಟ್ಟರು: “ಹೇಗಿದೆ ಲಲಿತಾ ಅವ್ರೇ?”

ಲಲಿತಕ್ಕ ಕೈ ಇಳಿಸಿದಳು. ಯಶೋದಳನ್ನು ನೋಡಿ, ಆಮೇಲೆ ಸರ್ ಮುಖ ನೋಡಿ ಹೇಳಿದಳು.

“ಮೇಲಕ್ಕೇನೋ ಹೋಗುತ್ತೆ ಸಾರ್. ಆದ್ರೆ ವಾಸಿ ಆಗಿಲ್ಲ. ಇಳಿಸೋವಾಗ ನಡುವೆ ಒಂದು ಕಡೆ ಹಿಡ್ಕಣುತ್ತೆ. ಆ ಮಗ್ಗುಲಿಗೆ ಮಲಗಕ್ಕೂ ಆಗಲ್ಲ.”

ಹೇಳಿದವಳೇ ಹೆದರಿ, “ತಪ್ಪು ತಿಳ್ಕಬೇಡಿ” ಎಂದು ಸೇರಿಸಿದಳು.

“ತಪ್ಪಾ?” ಎಂದರು ಸರ್. “ಇಷ್ಟು ವರ್ಷದಲ್ಲಿ ನನ್ನ ಮುಖ ನೋಡಿ ಇಲ್ಲ ಅಂದವರು ನೀವೊಬ್ಬರೇ.” ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತು, “ಎಲ್ಲಿ ಹಿಡ್ಕೊಳ್ಳುತ್ತೆ, ಬೆರಳಿಟ್ಟು ತೋರಿಸಿ. ನಮಿತಾ, ಇಲ್ಲಿ ಬನ್ನಿ” ಎಂದು ಕರೆದರು. ಇಬ್ಬರೂ ಅವಳ ಕೈಯನ್ನು ನಿಧಾನ ಇಳಿಸುತ್ತ, ನಿಲ್ಲಿಸುತ್ತ, ಮತ್ತೆ ಇಳಿಸುತ್ತ ಬಹಳ ಹೊತ್ತು ನೋಡಿದರು.

ಅದು ಮುಗಿದ ಮೇಲೆ ಸರ್ ಎದ್ದು ಬಾಗಿಲಿಗೆ ಹೋದರು. ನಾನು ಟವೆಲ್ ಹಿಡಿದು ಅವರ ಹಿಂದೆಯೇ ಇದ್ದೆ. ಜಗಲಿಯಲ್ಲಿ ಬೆಂಚಿನ ತುಂಬ ಜನ. ಹೆಚ್ಚಿನವರು ಹಳಬರೇ, ಹಿಂದಿನ ವಾರವೂ ಯಾರೂ ಕೇಳದೆಯೇ ವಾಸಿ ಎಂದು ಹೇಳಿ ಹೋಗಿದ್ದವರೇ.

“ಯಾರ್ಯಾರಿಗೆ ವಾಸಿ ಆಗಿಲ್ಲ, ಅವರು ಮೊದಲು ಒಳಗೆ ಬನ್ನಿ” ಎಂದರು ಸರ್.

ಯಾರೂ ಅಲುಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಒಬ್ಬಾತ, ಬಂದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ‘ವಾಸಿ ಸಾರ್’ ಅನ್ನುತ್ತಿದ್ದವನು, ತನ್ನ ಚಪ್ಪಲಿಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಗೋಡೆ ಹಿಡಿದು ನಿಧಾನ ಎದ್ದ. ಅವನು ಎದ್ದದ್ದನ್ನು ನೋಡಿ ಪಕ್ಕದ ಅಜ್ಜಿ ಎದ್ದಳು. ಆಮೇಲೆ ಇಡೀ ಬೆಂಚು ಎದ್ದು ನಿಂತಿತು.

ಸರ್ ನನ್ನ ಕಡೆ ತಿರುಗಿದರು. “ಗಿರಿಜಾ, ಇವತ್ತು ಊಟ ತಡ ಆಗುತ್ತೆ” ಎಂದರು. ಅವರನ್ನು ಅಷ್ಟು ಖುಷಿಯಲ್ಲಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.